ಪ್ರಹ್ಲಾದನಿಗೆ ಗೆಳೆಯರಿರಲಿಲ್ಲ

ಕನ್ನಡ ತೆರೆಯ ಮೇಲೆ ಬಂದು ನಮ್ಮ ನೆನಪಿನಲ್ಲಿ ಉಳಿದ ಮಕ್ಕಳನ್ನೆಲ್ಲ ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಕಂಬದ ಮುಂದೆ ಕೈಮುಗಿದ ಪ್ರಹ್ಲಾದ, ತಂದೆಯ ತೊಡೆಯಿಂದ ಮಲತಾಯಿ ಎಳೆದಿಳಿಸಿದಳೆಂದು ಕಾಡು ಸೇರಿದ ಧ್ರುವ, ಹಾವು ಕಚ್ಚಿ ತಾಯಿಯ ಮಡಿಲಲ್ಲಿ ತಣ್ಣಗಾದ ಲೋಹಿತಾಶ್ವ, ಲಿಂಗವನ್ನು ಅಪ್ಪಿಕೊಂಡ ಮಾರ್ಕಂಡೇಯ. ಇವರ ಹಿಂದೆ ಸಾಮಾಜಿಕ ಚಿತ್ರಗಳ ಮಕ್ಕಳು: ‘ಕಾಡು’ ಚಿತ್ರದ ಕಿಟ್ಟಿ, ‘ಘಟಶ್ರಾದ್ಧ’ದ ನಾಣಿ, ‘ಬೆಟ್ಟದ ಹೂವು’ ಚಿತ್ರದ ರಾಮು, ‘ಕೊಟ್ರೇಶಿ ಕನಸು’ ಚಿತ್ರದ ಕೊಟ್ರೇಶಿ. ಎಲ್ಲರೂ ಜಾಣರು, ಎಲ್ಲರೂ ದೊಡ್ಡವರ ಕಣ್ಣಲ್ಲಿ ನೀರು ತರಿಸಿದವರು. ಆದರೆ ಇವರು ಯಾರ ಜೊತೆ ಆಡುತ್ತಿದ್ದರು, ಸಂಜೆ ಯಾರ ಮನೆ ಮುಂದೆ ನಿಂತು ಯಾರ ಹೆಸರು ಹಿಡಿದು ಕೂಗುತ್ತಿದ್ದರು ಎಂದು ಕೇಳಿದರೆ ಥಟ್ಟನೆ ಉತ್ತರ ಸಿಗುವುದಿಲ್ಲ. ಬಹುಪಾಲು ಎಲ್ಲರೂ ಒಂಟಿ. ಬಾಲ್ಯವೆಂದರೆ ಮುಕ್ಕಾಲು ಪಾಲು ಗೆಳೆತನ, ಉಳಿದ ಕಾಲು ಪಾಲು ಸುಳ್ಳುಸುಳ್ಳೇ ಕಟ್ಟಿಕೊಂಡ ಲೋಕ ಎಂಬುದು ಮಕ್ಕಳಿರುವ ಮನೆಗಳಿಗೆಲ್ಲ ಗೊತ್ತು. ಅವೆರಡೂ ನಮ್ಮ ಸಿನಿಮಾದಲ್ಲಿ ಇಷ್ಟು ಕಡಿಮೆ ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ಬೆಂಗಳೂರಿನ ಗಾಂಧಿನಗರದಲ್ಲಿ ನಿಲ್ಲುವುದಿಲ್ಲ. ತುಮಕೂರು ದಾಟಿ ಇಪ್ಪತ್ತು ಕಿಲೋಮೀಟರ್ ಆಚೆಗಿರುವ ಗುಬ್ಬಿಗೆ ಕರೆದುಕೊಂಡು ಹೋಗುತ್ತದೆ.

ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಚಿಕ್ಕ ಹುಡುಗನಾಗಿ ಅದರೊಳಗೆ ಕಾಲಿಟ್ಟ ವೀರಣ್ಣ ಮುಂದೆ ಅದರ ಮಾಲೀಕರಾದರು. ಕಂಪನಿ ಊರೂರು ಸುತ್ತಿತು, ಆಮೇಲೆ ಸಿನಿಮಾಕ್ಕೂ ಕೈಹಾಕಿತು. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ನಾಟಕದಿಂದಲೇ ಎದ್ದುಬಂದ ಚಿತ್ರ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಅದರಲ್ಲಿ ಒಟ್ಟಿಗೆ ಬೆಳಕಿಗೆ ಬಂದರು. ಇವರೆಲ್ಲ ಬೆಳೆದ ಬಗೆಯನ್ನು ಗಮನಿಸಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಮಗ ಮುತ್ತುರಾಜ ಶಾಲೆಯ ಓದನ್ನು ಅರ್ಧಕ್ಕೇ ಬಿಟ್ಟು ತಂದೆಯ ಬೆನ್ನಿಗೆ ಕಂಪನಿ ಸೇರಿದ; ಅವನೇ ಮುಂದೆ ರಾಜ್‌ಕುಮಾರ್. ತಿಪಟೂರಿನ ನರಸಿಂಹರಾಜು ನಾಲ್ಕರ ವಯಸ್ಸಿಗೇ ಬಣ್ಣ ಹಚ್ಚಿದವರು. ಎಂ.ಎಸ್. ಉಮೇಶ್ ಕೂಡ ಅಷ್ಟೇ ಚಿಕ್ಕ ವಯಸ್ಸಿಗೆ ಕಂಪನಿ ನಾಟಕದ ಪರದೆ ಮುಂದೆ ನಿಂತರು. ಬಂಟ್ವಾಳದ ಕಡೆಯ ಹುಡುಗ ಬಿ.ವಿ. ಕಾರಂತ ಮನೆ ಬಿಟ್ಟು ಓಡಿಬಂದು ಸೇರಿಕೊಂಡಿದ್ದು ಇದೇ ಗುಬ್ಬಿ ಕಂಪನಿಯನ್ನು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕಂಪನಿ ಮನೆಯಲ್ಲೇ ಆಡಿ ಬೆಳೆದವರು. ತಮ್ಮ ಆತ್ಮಕಥನಕ್ಕೆ ಅವರು ಕಣ್ಣಾಮುಚ್ಚಾಲೆ ಆಟದ ಸಾಲನ್ನೇ ಹೆಸರಾಗಿಟ್ಟರು. ತಮಿಳುನಾಡಿನಲ್ಲಿ ಬರೀ ಹುಡುಗರದ್ದೇ ಆದ ‘ಬಾಯ್ಸ್ ಕಂಪನಿ’ಗಳಿದ್ದವು, ಎಂ.ಜಿ. ರಾಮಚಂದ್ರನ್ ಅಂಥವರು ಅಲ್ಲಿಂದಲೇ ಬಂದರು. ದಕ್ಷಿಣದ ಸಿನಿಮಾಕ್ಕೆ ಬಾಲನಟರನ್ನು ತಯಾರು ಮಾಡಿಕೊಟ್ಟ ಶಾಲೆ ಯಾವುದೆಂದರೆ ಕಂಪನಿ ನಾಟಕವೇ. ನಮ್ಮ ಮಟ್ಟಿಗೆ ಆ ಶಾಲೆಯ ಹೆಡ್ಡಾಫೀಸು ಗುಬ್ಬಿ.

ಆದರೆ ಕಂಪನಿಗೆ ಬೇಕಿದ್ದ ಮಗು ಎಂಥದ್ದು? ರಂಗದ ಮೇಲೆ ಬಂದು ಸ್ಪಷ್ಟವಾಗಿ ಮಾತಾಡಬೇಕು, ಶ್ರುತಿ ತಪ್ಪದೆ ಹಾಡಬೇಕು, ಒನ್ಸ್ ಮೋರ್ ಬಿದ್ದರೆ ಅದೇ ಉಸಿರಿನಲ್ಲಿ ಮತ್ತೆ ಎತ್ತಿಕೊಳ್ಳಬೇಕು. ಎದುರಿಗೆ ದೈತ್ಯದೇಹದ ಹಿರಣ್ಯಕಶಿಪು ಗದೆ ಹಿಡಿದು ಅಬ್ಬರಿಸುವಾಗ ಈ ಮಗು ಒಂದು ಹೆಜ್ಜೆಯೂ ಹಿಂದಕ್ಕೆ ಸರಿಯಬಾರದು. ಪ್ರೇಕ್ಷಕರು ಮೆಚ್ಚುವುದು ಅದರ ಬಾಲ್ಯವನ್ನಲ್ಲ, ಬಾಲ್ಯವನ್ನು ಅದು ಮೀರಿದ ಬಗೆಯನ್ನು. ಪ್ರಹ್ಲಾದನ ಕಥೆಯಲ್ಲಿ ಗುರುಕುಲವಿದೆ, ಸಹಪಾಠಿಗಳೂ ಇದ್ದಾರೆ. ಗುರುಗಳಾದ ಚಂಡಾಮರ್ಕರು ಅತ್ತ ತಿರುಗಿದಾಗ ಮಕ್ಕಳೆಲ್ಲ ಅವನ ಸುತ್ತ ಸೇರುತ್ತಾರೆ. ಸೇರಿದ ಮಕ್ಕಳ ಜೊತೆ ಪ್ರಹ್ಲಾದ ಆಡುವುದಿಲ್ಲ. ಅವರಿಗೆ ನಾರಾಯಣ ನಾಮದ ಪಾಠ ಹೇಳುತ್ತಾನೆ! ಗೆಳೆಯನಾಗಬಹುದಾಗಿದ್ದವನು ಮೇಷ್ಟ್ರಾಗಿಬಿಡುತ್ತಾನೆ. ಪುರಾಣದ ಮಟ್ಟಿಗೆ ಇದು ಸರಿ, ಪುರಾಣ ಹೇಳಲು ಹೊರಟಿದ್ದೇ ಬೇರೆ. ಆದರೆ ಆ ಒಂದು ಅಚ್ಚು ನಮ್ಮ ತೆರೆಗೆ ಎಷ್ಟು ಗಟ್ಟಿಯಾಗಿ ಕೂತಿತೆಂದರೆ 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಹುಡುಗ ಮುತ್ತುರಾಜ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡರೆ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅದೇ ರಾಜ್‌ಕುಮಾರ್ ಹಿರಣ್ಯಕಶಿಪು, ಮಗ ಪುನೀತ್ ಪ್ರಹ್ಲಾದ. ನಲವತ್ತು ವರ್ಷದಲ್ಲಿ ಕ್ಯಾಮೆರಾ ಬದಲಾಯಿತು, ಬಣ್ಣ ಬಂತು. ಮಗು ಮಾತ್ರ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ಒಂಟಿಯಾಗಿ ನಿಂತಿತ್ತು.

ನನ್ನ ವಾದ ಇಷ್ಟು: ಕನ್ನಡ ಸಿನಿಮಾ ಗುಬ್ಬಿಯಿಂದ ಬಾಲನಟನನ್ನು ತಂದುಕೊಂಡಿತು, ಗುಬ್ಬಿಯ ಆಟವನ್ನು ಅಲ್ಲೇ ಬಿಟ್ಟುಬಂತು. ಆಟ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿ ನಾಟಕದ ಜೀವ ಇರುವುದು ಸುಳ್ಳನ್ನು ಬಚ್ಚಿಡದಿರುವುದರಲ್ಲಿ. ಅರಮನೆಯೆಂದರೆ ಬಣ್ಣ ಬಳಿದ ಪರದೆ, ಅದು ಗಾಳಿಗೆ ಅಲುಗಾಡುತ್ತದೆ. ಕಾಡೆಂದರೆ ಇನ್ನೊಂದು ಪರದೆ, ಅದು ಕೆಲವೊಮ್ಮೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ‘ದಶಾವತಾರ’ದಲ್ಲಿ ದೇವರು ಮೇಲಿಂದ ಇಳಿಯುವಾಗ ಮುಂದಿನ ಸಾಲಿನವರಿಗೆ ಹಗ್ಗ ಕಾಣುತ್ತದೆ. ಕಂಡರೂ ಕೈಮುಗಿಯುತ್ತಾರೆ. 1934ರ ‘ಕುರುಕ್ಷೇತ್ರ’ಕ್ಕೆ ವೀರಣ್ಣನವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆ ಆನೆ ನಿಜ, ಅದರ ಹಿಂದಿನ ಹಸ್ತಿನಾವತಿ ಬಟ್ಟೆಯದ್ದು. ನಿಜವೂ ಸುಳ್ಳೂ ಒಂದರ ಪಕ್ಕ ಒಂದು ನಿಂತಿದ್ದನ್ನು ನೋಡಲು ಜನ ಮುಗಿಬಿದ್ದರು. ಮಕ್ಕಳ ಆಟ ನಡೆಯುವುದೂ ಹೀಗೇ. ಕೋಲು ಕುದುರೆಯಲ್ಲ ಎಂದು ಅವಕ್ಕೆ ಗೊತ್ತು, ಆದರೂ ಅದಕ್ಕೆ ನೀರು ಕುಡಿಸುತ್ತವೆ. ಇಬ್ಬರು ಸೇರಿ ಒಪ್ಪಿಕೊಂಡ ಸುಳ್ಳು ಅದು. ಒಪ್ಪಿಕೊಳ್ಳಲು ಇನ್ನೊಬ್ಬರು ಬೇಕೇಬೇಕು. ಕಲ್ಪನೆಗೂ ಗೆಳೆತನಕ್ಕೂ ನಂಟು ಇರುವುದು ಅಲ್ಲಿಯೇ. ಜೊತೆಗಾರನಿಲ್ಲದೆ ಮಗು ಕನಸು ಕಾಣಬಹುದು, ರಾಜ್ಯ ಕಟ್ಟಲಾರದು. ಸಿನಿಮಾ ತನ್ನ ಮಗುವನ್ನು ಒಂಟಿ ಮಾಡಿದ ದಿನವೇ ಅದರ ಕಲ್ಪನೆಯ ರೆಕ್ಕೆಯನ್ನೂ ಕತ್ತರಿಸಿತು.

ನಮ್ಮ ಜನಕ್ಕೆ ಇಂಥ ಕಲ್ಪನೆಯ ಆಟ ಒಗ್ಗುವುದಿಲ್ಲ, ಅದು ಜಪಾನಿನವರಿಗೆ, ಅಮೆರಿಕದವರಿಗೆ ಎಂದು ಹೇಳುವವರಿದ್ದಾರೆ. ಅವರು ಗುಬ್ಬಿ, ಕುಣಿಗಲ್ ಸೀಮೆಯ ಯಾವುದಾದರೂ ಊರಿನಲ್ಲಿ ‘ಕುರುಕ್ಷೇತ್ರ’ ನಡೆಯುವ ರಾತ್ರಿ ಹೋಗಿ ಕೂರಲಿ. ಹಗಲೆಲ್ಲ ರಾಗಿ, ತೆಂಗು, ಹಾಲಿನ ಡೇರಿ ಎಂದು ಓಡಾಡಿದ ರೈತ ರಾತ್ರಿ ಕಿರೀಟ ತೊಟ್ಟು ದುರ್ಯೋಧನನಾಗುತ್ತಾನೆ. ಬರೀ ಆಗುವುದಲ್ಲ, ಪಾತ್ರಕ್ಕೆ ಇಷ್ಟೆಂದು ತಾನೇ ದುಡ್ಡು ಕಟ್ಟಿ ಆಗುತ್ತಾನೆ. ಪಾತ್ರ ದೊಡ್ಡದಾದಷ್ಟೂ ಮೊತ್ತ ದೊಡ್ಡದು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತ ಕಲಿಯುತ್ತಾನೆ. ಸೀನರಿ ಬಾಡಿಗೆಗೆ ಬರುತ್ತದೆ, ಡ್ರೆಸ್ ಬಾಡಿಗೆಗೆ ಬರುತ್ತದೆ, ಊರವರು ನೋಟಿನ ಹಾರ ಹಾಕಲು ಸಾಲುಗಟ್ಟುತ್ತಾರೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಇಂಥ ಪೌರಾಣಿಕ ನಾಟಕಗಳು ಇವತ್ತಿಗೂ ನಡೆಯುತ್ತವೆ. ಐವತ್ತು ದಾಟಿದ ಮನುಷ್ಯ ಊರೆಲ್ಲ ನೋಡುತ್ತಿರುವಾಗ ‘ನಾನು ಕೌರವೇಶ್ವರ’ ಎಂದು ಎದೆತಟ್ಟಿ ನಿಲ್ಲುವ ಸೀಮೆಯಲ್ಲಿ, ಎಂಟು ವರ್ಷದ ಹುಡುಗಿ ಹುಣಸೆಮರದ ಕೆಳಗೆ ರಾಣಿಯಾಗಿ ಕೂರುವುದನ್ನು ಜನ ಒಪ್ಪುವುದಿಲ್ಲ ಎಂದರೆ ನಂಬುವುದು ಹೇಗೆ? ಒಪ್ಪದವರು ಜನರಲ್ಲ, ಸಿನಿಮಾ ಮಾಡುವವರು.

ಅವರು ಒಪ್ಪದಿರುವುದಕ್ಕೂ ಒಂದು ಚರಿತ್ರೆಯಿದೆ. ಎಪ್ಪತ್ತರ ದಶಕದ ಹೊಸ ಅಲೆಯ ಚಿತ್ರಗಳು ಕಂಪನಿ ನಾಟಕದ ವಾಸನೆಯನ್ನೇ ತೊಳೆದುಹಾಕಲು ಹೊರಟವು. ನಾಟಕೀಯ ಎಂಬುದು ಬೈಗುಳವಾಯಿತು. ಅವು ಕೊಟ್ಟ ಮಕ್ಕಳು ಅಪರೂಪದವರು ಎಂಬುದರಲ್ಲಿ ಎರಡು ಮಾತಿಲ್ಲ. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದಲ್ಲಿ ಜಿ.ಎಸ್. ನಟರಾಜ್ ಮಾಡಿದ ಕಿಟ್ಟಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದಲ್ಲಿ ಅಜಿತ್ ಕುಮಾರ್ ಮಾಡಿದ ನಾಣಿ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ಈ ಹುಡುಗರ ಕೆಲಸ ಏನು? ನೋಡುವುದು. ದೊಡ್ಡವರ ಲೋಕದ ಹಾದರ, ಹಗೆತನ, ಕ್ರೌರ್ಯಗಳನ್ನು ಅಗಲಿಸಿದ ಕಣ್ಣಿನಿಂದ ನೋಡುವುದು. ನಾಣಿಗೆ ಅಗ್ರಹಾರದಲ್ಲಿ ಇರುವ ಒಂದೇ ಆಸರೆ ಯಮುನಕ್ಕ, ವಯಸ್ಸಿನಲ್ಲಿ ದೊಡ್ಡವಳು. ಓರಗೆಯ ಹುಡುಗರೆಲ್ಲ ಅವನನ್ನು ಕಾಡುವವರೇ. ಕಿಟ್ಟಿಯ ಕಾಡಿನಲ್ಲಿ ಹೆಸರು ಹಿಡಿದು ಕೂಗುವ ಹಕ್ಕಿಯಿದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ನಂಬಿಕೆಯಿದೆ. ಎಂಥ ಮಗುವಿನ ಮನಸ್ಸನ್ನಾದರೂ ಹೊಕ್ಕುಬಿಡುವ ಕಲ್ಪನೆ ಅದು. ಆದರೆ ಆ ಹಕ್ಕಿಯ ಬಗ್ಗೆ ಪಿಸುಗುಟ್ಟಲು ಕಿಟ್ಟಿಯ ಪಕ್ಕದಲ್ಲಿ ಇನ್ನೊಬ್ಬ ಹುಡುಗನಿಲ್ಲ. ಅವನಿದ್ದಿದ್ದರೆ ಭಯ ಅರ್ಧವಾಗುತ್ತಿತ್ತು, ನಿಜ. ಚಿತ್ರಕ್ಕೆ ಬೇಕಿದ್ದು ಇಡೀ ಭಯ. ದೊಡ್ಡವರ ಚಿತ್ರಕ್ಕೆ ಅದು ನ್ಯಾಯವೇ. ತಕರಾರು ಇರುವುದು ಆಮೇಲೆ ಮಕ್ಕಳಿಗೆಂದೇ ಮಾಡಿದ ಚಿತ್ರಗಳೂ ಅದೇ ಒಂಟಿ ಮಗುವನ್ನು ಎತ್ತಿಕೊಂಡವಲ್ಲ, ಅದರ ಬಗ್ಗೆ.

‘ಬೆಟ್ಟದ ಹೂವು’ (1985) ಚಿತ್ರವನ್ನೇ ತೆಗೆದುಕೊಳ್ಳಿ. ಎನ್. ಲಕ್ಷ್ಮೀನಾರಾಯಣ್ ಅವರ ಈ ಚಿತ್ರವನ್ನು ಪ್ರೀತಿಸದ ಕನ್ನಡ ಮನೆ ಕಡಿಮೆ. ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಮಲೆನಾಡಿನ ಬಡ ಹುಡುಗ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಕಾಡು ಸುತ್ತಿ ಅಪರೂಪದ ಹೂವು ತಂದು ವಿದೇಶಿ ಹೆಣ್ಣುಮಗಳಿಗೆ ಮಾರಿ ಕಾಸಿಗೆ ಕಾಸು ಕೂಡಿಡುತ್ತಾನೆ. ಕೊನೆಗೆ ಕೈತುಂಬ ದುಡ್ಡು ಬಂದಾಗ ಪುಸ್ತಕದಂಗಡಿ ಬಿಟ್ಟು ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಅಲ್ಲಿ ಕಣ್ಣೊರೆಸಿಕೊಳ್ಳದ ತಂದೆತಾಯಿ ಯಾರು? ಆದರೆ ಆ ಕಣ್ಣೀರು ಯಾರದು ಎಂದೂ ಕೇಳಬೇಕು. ಅದು ದೊಡ್ಡವರದು. ಮಗು ತನ್ನ ಆಸೆಯನ್ನು ತಾನೇ ಹಿಸುಕಿಕೊಂಡಿತಲ್ಲ, ಎಷ್ಟು ಒಳ್ಳೆಯ ಮಗು ಎಂಬ ಸಮಾಧಾನದ ಕಣ್ಣೀರು. ಚಿತ್ರ ನೋಡುತ್ತಿರುವ ಹತ್ತು ವರ್ಷದ ಹುಡುಗನಿಗೆ ಸಿಗುವುದು ಬೇರೆಯೇ: ಒಳ್ಳೆಯವನಾಗಬೇಕಾದರೆ ಬೇಕಾದ್ದನ್ನು ಬಿಡಬೇಕು ಎಂಬ ಪಾಠ. ಕಂಬಳಿ ಕೊಂಡದ್ದು ತಪ್ಪೆಂದಲ್ಲ. ಆ ಮನೆಯ ಚಳಿ ನಿಜ. ಆದರೆ ರಾಮು ಕಾಡಿನಲ್ಲಿ ಅಲೆಯುವಷ್ಟು ಹೊತ್ತೂ ಅವನ ತಲೆಯೊಳಗೆ ಆ ಕಾಡು ಪಂಚವಟಿಯೋ ಕಿಷ್ಕಿಂಧೆಯೋ ಆಗಿರಲೇಬೇಕಲ್ಲ. ರಾಮಾಯಣಕ್ಕಾಗಿ ಹಂಬಲಿಸುವ ಹುಡುಗ ಅವನು. ಚಿತ್ರಕ್ಕೆ ಅವನ ತ್ಯಾಗ ಮುಖ್ಯವಾದಷ್ಟು ಆ ಹಂಬಲದ ಒಳಗಿನ ಕಥೆ ಮುಖ್ಯವಾಗಲಿಲ್ಲ. ಜೊತೆಗೊಬ್ಬ ಪೋರ ಇದ್ದಿದ್ದರೆ ಒಬ್ಬ ರಾಮ, ಒಬ್ಬ ಹನುಮ ಆಗಿ ಎರಡು ರೀಲು ಓಡುತ್ತಿತ್ತು.

ಅಪವಾದಗಳು ಇಲ್ಲವೇ? ಇವೆ, ಮತ್ತು ಅವು ಬಹಳ ಹಿಂದಿನಿಂದಲೂ ಇವೆ. ಬಿ.ಆರ್. ಪಂತುಲು 1960ರಲ್ಲೇ ‘ಮಕ್ಕಳ ರಾಜ್ಯ’ ಮಾಡಿದರು. ಕಂಪನಿ ನಾಟಕದ ಹುಡುಗ ಉಮೇಶ್ ಸಿನಿಮಾಕ್ಕೆ ಬಂದಿದ್ದು ಅದರಿಂದಲೇ. 1979ರಲ್ಲಿ ಗೀತಪ್ರಿಯರ ‘ಪುಟಾಣಿ ಏಜೆಂಟ್ 123’ ಬಂತು. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಸಿಂಹದ ಮರಿ ಸೈನ್ಯ’. ತುಮಕೂರು ಜಿಲ್ಲೆಯ ಮಧುಗಿರಿಯ ಹುಡುಗ ಅರ್ಜುನ್ ಸರ್ಜಾ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಇವುಗಳಲ್ಲಿ ಮಕ್ಕಳ ಗುಂಪು ಇದೆ, ಸಾಹಸ ಇದೆ, ಕಳ್ಳರ ಬೆನ್ನು ಹತ್ತುವ ಖುಷಿ ಇದೆ. ವಿಮರ್ಶಕರು ಇವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಆದರೆ ಆ ಕಾಲದಲ್ಲಿ ಮಕ್ಕಳಾಗಿದ್ದವರು ಇವತ್ತಿಗೂ ಹೆಸರು ಹೇಳಿದರೆ ಸಾಕು ಮುಖ ಅರಳಿಸುತ್ತಾರೆ. ಮಗುವಿನ ಮೆಚ್ಚಿಗೆಗೂ ಪ್ರಶಸ್ತಿ ಸಮಿತಿಯ ಮೆಚ್ಚಿಗೆಗೂ ಇರುವ ಅಂತರಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು, ಕನ್ನಡಿಗರು ಮಾಡಿದ ಬಾಲ್ಯದ ಗೆಳೆತನದ ಕಥೆಗಳಲ್ಲಿ ಎಲ್ಲಕ್ಕಿಂತ ಮೇಲು ಯಾವುದೆಂದು ಕೇಳಿದರೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿ, ಮಣಿ, ರಾಜಂ. ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ ಕಾದಂಬರಿಯ ಹುಡುಗರು ಆಗುಂಬೆಯ ಬೀದಿಯಲ್ಲಿ ಜೀವ ತಳೆದರು, ಮಾಸ್ಟರ್ ಮಂಜುನಾಥ್ ಸ್ವಾಮಿಯೇ ಆಗಿಹೋದರು. ಕ್ರಿಕೆಟ್ ತಂಡಕ್ಕೆ ದೊಡ್ಡ ಹೆಸರಿಟ್ಟುಕೊಂಡು ಮೆರೆಯುವುದು, ಮಾತು ಬಿಡುವುದು, ಹಠ ಹಿಡಿಯುವುದು, ಕಡೆಗೆ ರೈಲು ಹೊರಟಾಗ ಗೆಳೆಯನ ಕೈಗೆ ಪುಸ್ತಕ ಮುಟ್ಟಿಸಲು ಒದ್ದಾಡುವುದು. ಅಲ್ಲಿ ಯಾರೂ ಯಾರಿಗೂ ಪಾಠ ಹೇಳುವುದಿಲ್ಲ. ರಾಜಂ ನಿಜಕ್ಕೂ ಕ್ಷಮಿಸಿದನೇ ಎಂಬುದು ಸ್ವಾಮಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ದುರದೃಷ್ಟಕ್ಕೆ ಅದು ತಯಾರಾದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಮಣ್ಣಿನಲ್ಲಿ, ಕನ್ನಡದ ನಟರಿಂದ ಆದ ಕೆಲಸ ಕನ್ನಡದ ಮಕ್ಕಳಿಗೆ ಹಿಂದಿಯಲ್ಲಿ ಸಿಕ್ಕಿತು.

ಗುಬ್ಬಿಯ ಆಟವನ್ನು ಹೊಸ ಕಾಲಕ್ಕೆ ದಾಟಿಸಬಲ್ಲ ಒಬ್ಬರು ನಮ್ಮಲ್ಲಿದ್ದರು, ಬಿ.ವಿ. ಕಾರಂತ. ಕಂಪನಿಯ ಹುಡುಗನನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನೂ ಮುಗಿಸಿ ಬಂದ ಮೇಲೆ ಅವರು ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ‘ಪಂಜರ ಶಾಲೆ’ಯಾಗಿ ಮಕ್ಕಳಿಂದ ಆಡಿಸಿದರು. ಗಿಳಿಗೆ ವಿದ್ಯೆ ಕಲಿಸಲೆಂದು ಹೊಟ್ಟೆಗೆ ಪುಸ್ತಕ ತುರುಕುವ ದೊಡ್ಡವರ ಕಥೆ ಅದು. ಒಳ್ಳೆಯ ಮಗುವಿನ ಮಹಿಮೆ ಹೇಳುವುದಿಲ್ಲ, ಒಳ್ಳೆಯ ಮಗುವನ್ನು ತಯಾರಿಸುವ ಕಾರ್ಖಾನೆಯನ್ನೇ ಗೇಲಿ ಮಾಡುತ್ತದೆ. ಕಾರಂತರ ರಂಗದಲ್ಲಿ ಮಕ್ಕಳೇ ಮರ, ಮಕ್ಕಳೇ ಮನೆ, ಕೈಗೆ ಸಿಕ್ಕಿದ್ದೇ ವಾದ್ಯ. ಒಬ್ಬ ಬಾಲನಟನಿಗಾಗಿ ಉಳಿದವರೆಲ್ಲ ಹಿಂದೆ ನಿಲ್ಲುವುದಲ್ಲ, ಇಡೀ ಗುಂಪೇ ಪಾತ್ರ. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಕಟ್ಟಿದ ಬೆನಕ ಮಕ್ಕಳ ಕೇಂದ್ರ ಈ ದಾರಿಯಲ್ಲೇ ಸಾಗಿತು. ಇದೇ ಬಿ.ವಿ. ಕಾರಂತರು ಸಿನಿಮಾಕ್ಕೆ ಬಂದಾಗ ‘ಚೋಮನ ದುಡಿ’ (1975) ಮಾಡಿ ಸ್ವರ್ಣಕಮಲ ತಂದರು, ‘ಘಟಶ್ರಾದ್ಧ’ಕ್ಕೆ ಸಂಗೀತ ಕೊಟ್ಟು ಪ್ರಶಸ್ತಿ ಪಡೆದರು. ಎರಡೂ ನೋವಿನ ಚಿತ್ರಗಳು, ದೊಡ್ಡ ಚಿತ್ರಗಳು. ಮಕ್ಕಳ ರಂಗಭೂಮಿಯಲ್ಲಿ ಅವರು ಹಚ್ಚಿದ ಕಿಡಿ ಮಾತ್ರ ಕ್ಯಾಮೆರಾದ ಮುಂದೆ ಬರಲೇ ಇಲ್ಲ. ಕನ್ನಡ ಮಕ್ಕಳ ಚಿತ್ರದ ಕಥೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಪುರಾಣದ ಮಕ್ಕಳೆಲ್ಲ ಒಂಟಿ ಎಂದರೆ ಕೃಷ್ಣ ಎಲ್ಲಿ ಹೋದ? ಗೋಪಾಲಕರ ಹಿಂಡು, ಬೆಣ್ಣೆ ಕಳವು, ಚೆಂಡು ಮಡುವಿಗೆ ಬಿದ್ದದ್ದು, ಇವೆಲ್ಲ ಗೆಳೆತನವಲ್ಲವೇ? ಒಪ್ಪುವ ಮಾತು. ಕೃಷ್ಣನ ಬಾಲಲೀಲೆಯಷ್ಟು ತುಂಟತನ ಜಗತ್ತಿನ ಯಾವ ಪುರಾಣದಲ್ಲೂ ಇಲ್ಲ. ಆದರೆ ನಮ್ಮ ರಂಗ, ತೆರೆಗಳು ಆ ಲೀಲೆಯನ್ನು ಹೇಗೆ ಬಳಸಿದವು ಎಂದು ನೋಡಬೇಕು. ಗೋಪಾಲಕರಿಗೆ ಹೆಸರಿಲ್ಲ; ಬೆಣ್ಣೆ ಗಡಿಗೆಗೆ ಏಣಿಯಾಗಲು ಬರುತ್ತಾರೆ, ಕಾಳಿಂಗನ ಹೆಡೆಯ ಮೇಲೆ ಕೃಷ್ಣ ಕುಣಿಯುವಾಗ ದಡದಲ್ಲಿ ಬಾಯಿ ಬಿಟ್ಟು ನಿಲ್ಲುತ್ತಾರೆ. ಅವರು ಭಕ್ತರ ಮೊದಲ ಕಂತು. ಕುಚೇಲನ ಕಥೆಯಲ್ಲಿ ಹೆಸರಿರುವ ಗೆಳೆಯನಿದ್ದಾನೆ, ಆದರೆ ಕಥೆ ಶುರುವಾಗುವಾಗ ಇಬ್ಬರಿಗೂ ವಯಸ್ಸಾಗಿದೆ. ಸಾಂದೀಪನಿಯ ಆಶ್ರಮದಲ್ಲಿ ಮಳೆಗೆ ಸಿಕ್ಕಿ ಸೌದೆ ಹೊತ್ತ ದಿನ ಒಂದು ನೆನಪಾಗಿ ಬರುತ್ತದೆ, ಅಷ್ಟೆ. ನಮ್ಮ ಕಮರ್ಷಿಯಲ್ ಸಿನಿಮಾ ಈ ಕುಚೇಲನ ಸೂತ್ರವನ್ನೇ ಹಿಡಿದುಕೊಂಡಿತು: ನಾಯಕನ ಬಾಲ್ಯವೆಂದರೆ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್, ಗೆಳೆಯರು ಓಡುತ್ತ ಓಡುತ್ತ ಕಾಲು ತೋರಿಸಿ ದೊಡ್ಡವರಾಗಿಬಿಡುತ್ತಾರೆ. ಬಾಲ್ಯ ದಾಟಬೇಕಾದ ಜಾಗ, ನಿಲ್ಲಬೇಕಾದ ಜಾಗವಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಹೊಟ್ಟೆಗಿಲ್ಲದ ಮಕ್ಕಳ ನಾಡಿನಲ್ಲಿ ಕಲ್ಪನಾಲೋಕದ ಚಿತ್ರ ಉಳ್ಳವರ ಶೋಕಿಯಲ್ಲವೇ? ‘ಕೊಟ್ರೇಶಿ ಕನಸು’ (1994) ಚಿತ್ರದ ದಲಿತ ಹುಡುಗನಿಗೆ ಬೇಕಿದ್ದದ್ದು ಶಾಲೆ, ಮಾಯಾಲೋಕವಲ್ಲ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಅಂಥ ಚಿತ್ರಗಳು ಬೇಕು, ಬಂದದ್ದು ಒಳ್ಳೆಯದೇ ಆಯಿತು. ಆದರೆ ಬಡ ಮಗು ಬರೀ ಬಡತನವನ್ನೇ ಉಸಿರಾಡುತ್ತದೆ ಎಂದುಕೊಳ್ಳುವುದು ಬಡತನ ಕಾಣದವರ ಊಹೆ. ‘ಪಥೇರ್ ಪಾಂಚಾಲಿ’ಯ (1955) ಅಪು, ದುರ್ಗಾ ಉಪ್ಪು ಹಚ್ಚಿದ ಮಾವಿನಕಾಯಿಯನ್ನೂ ಕದ್ದು ತಿನ್ನುವ ಮನೆಯವರು; ಕಾಶ ಹುಲ್ಲಿನ ನಡುವೆ ಅವರು ರೈಲಿಗಾಗಿ ಓಡುವುದನ್ನು ಜಗತ್ತು ಮರೆತಿಲ್ಲ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ ಚಿತ್ರದಲ್ಲಿ ಇರುವುದು ಒಂದು ನೋಟ್‌ಬುಕ್ ಮಾತ್ರ. ಎಂಟು ವರ್ಷದ ಅಹ್ಮದ್ ಮರೆತು ಗೆಳೆಯನ ನೋಟ್‌ಬುಕ್ ಮನೆಗೆ ತಂದುಬಿಟ್ಟಿದ್ದಾನೆ, ನಾಳೆ ಹೋಮ್‌ವರ್ಕ್ ತೋರಿಸದಿದ್ದರೆ ಗೆಳೆಯನನ್ನು ಶಾಲೆಯಿಂದ ತೆಗೆಯುತ್ತಾರೆ. ಪಕ್ಕದ ಹಳ್ಳಿಯಲ್ಲಿ ಗೆಳೆಯನ ಮನೆ ಹುಡುಕಿ ಗುಡ್ಡ ಹತ್ತಿ ಇಳಿಯುತ್ತಾನೆ, ದಾರಿಯಲ್ಲಿ ದೊಡ್ಡವರೊಬ್ಬರೂ ಕಿವಿಗೊಡುವುದಿಲ್ಲ. ಮನೆ ಸಿಗದೆ ವಾಪಸ್ ಬಂದು ರಾತ್ರಿ ಕೂತು ಗೆಳೆಯನ ಹೋಮ್‌ವರ್ಕನ್ನೂ ತಾನೇ ಬರೆಯುತ್ತಾನೆ. ರಾಮುವಿನ ಕಂಬಳಿಯೂ ಇದೂ ಎರಡೂ ಒಳ್ಳೆಯತನವೇ. ಆದರೆ ಅಹ್ಮದ್‌ನ ಒಳ್ಳೆಯತನ ಅಮ್ಮನ ಮಾತು ಮೀರಿ, ಮೇಷ್ಟ್ರಿಗೆ ಸುಳ್ಳು ಹೇಳಿ ನಡೆಯುತ್ತದೆ. ಅದು ಮಗುವಿನದ್ದೇ ಆದ ಧರ್ಮ. ಆ ಚಿತ್ರ ಬಂದದ್ದು 1965ರಲ್ಲಿ ಇರಾನ್ ಕಟ್ಟಿದ ಮಕ್ಕಳ ಸಂಸ್ಥೆಯೊಂದರಿಂದ. ನಮ್ಮ ದೇಶ ಅದಕ್ಕೂ ಹತ್ತು ವರ್ಷ ಮೊದಲೇ, 1955ರಲ್ಲಿ, ಮಕ್ಕಳ ಚಲನಚಿತ್ರ ಸಂಸ್ಥೆ ಕಟ್ಟಿತ್ತು. 2022ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ವಿಲೀನ ಮಾಡಲಾಯಿತು.

ಇನ್ನು ಉಳಿದದ್ದು ಗಲ್ಲಾಪೆಟ್ಟಿಗೆಯ ಆಕ್ಷೇಪ: ಮಕ್ಕಳ ಚಿತ್ರ ಓಡುವುದಿಲ್ಲ. ಇದಕ್ಕೆ ಉತ್ತರ 2018ರ ಆಗಸ್ಟ್‌ನಲ್ಲೇ ಸಿಕ್ಕಿದೆ. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರಮಂದಿರಗಳಲ್ಲಿ ತುಂಬಿ ಓಡಿತು, ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಪ್ರವೀಣ, ಮಮ್ಮೂಟ್ಟಿ ಮತ್ತು ಅವರ ಗ್ಯಾಂಗು ಮುಚ್ಚಿದ ಕನ್ನಡ ಶಾಲೆಗಾಗಿ ಮೈಸೂರಿನವರೆಗೂ ಹೋಗಿ ಯಾರನ್ನೋ ಕರೆತರಲು ಹೊರಟು ಇನ್ಯಾರನ್ನೋ ಕರೆತರುತ್ತಾರೆ. ಅದು ಅಪ್ಪಟ ಮಕ್ಕಳ ಯೋಜನೆ, ಅದರ ಎಡವಟ್ಟೂ ಮಕ್ಕಳದ್ದೇ. ಆದರೆ ಅನಂತನಾಗ್ ಕೋರ್ಟಿನಲ್ಲಿ ಎದ್ದು ನಿಂತ ಮೇಲೆ ಚಿತ್ರ ಅವರ ಕೈಗೆ ಹೋಗಿಬಿಡುತ್ತದೆ, ಮಕ್ಕಳು ಪ್ರೇಕ್ಷಕರಾಗಿ ಬೆಂಚಿನ ಮೇಲೆ ಕೂರುತ್ತಾರೆ. ಆ ಭಾಷಣ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಹಳೆಯ ಅಭ್ಯಾಸ ಮರಳಿತು ಎಂದೇ ನನ್ನ ತೀರ್ಮಾನ. ಟಿವಿಯನ್ನು ನೋಡಿ. 2016ರಲ್ಲಿ ಶುರುವಾದ ‘ಡ್ರಾಮಾ ಜೂನಿಯರ್ಸ್’ ಮನೆಮನೆಯ ಕಾರ್ಯಕ್ರಮವಾಯಿತು. ತೀರ್ಪುಗಾರರ ಕುರ್ಚಿಯಲ್ಲಿ ‘ಮಕ್ಕಳ ಸೈನ್ಯ’ ನಿರ್ದೇಶಿಸಿದ್ದ ಲಕ್ಷ್ಮಿ, ‘ಚಿನ್ನಾರಿ ಮುತ್ತ’ನಾಗಿದ್ದ ವಿಜಯ್ ರಾಘವೇಂದ್ರ. ಅಲ್ಲಿನ ಮಕ್ಕಳ ಪ್ರತಿಭೆ ಬೆರಗು ಹುಟ್ಟಿಸುವಂಥದ್ದು, ಅದು ಕಂಪನಿ ಕಾಲದ ಪ್ರತಿಭೆಯೇ: ದೊಡ್ಡವರ ಮಾತು, ದೊಡ್ಡವರ ಗತ್ತು, ದೊಡ್ಡವರ ಚಪ್ಪಾಳೆ. ಅದೇ ಮಕ್ಕಳು ತಮ್ಮಷ್ಟಕ್ಕೆ ರಿಮೋಟ್ ಹಿಡಿದಾಗ ಹಾಕಿಕೊಳ್ಳುವುದು ‘ಛೋಟಾ ಭೀಮ್’. ಭೀಮನ ಹಿಂದೆ ಚುಟ್ಕಿ, ರಾಜು, ಜಗ್ಗು ಕೋತಿ ಇದ್ದಾರೆ. ಪ್ರಹ್ಲಾದನ ನಾಡಿನ ಮಕ್ಕಳು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಂಡಿದ್ದಾರೆ, ಅದು ನಮ್ಮಲ್ಲಿ ತಯಾರಾಗಿಲ್ಲ ಅಷ್ಟೆ.

ಕಥೆಗೆ ಬರವಿಲ್ಲ. ಕುಣಿಗಲ್ ಒಂದನ್ನೇ ಹಿಡಿದರೂ ಜನಪದ ಗೀತೆಯಲ್ಲಿ ನಾಡಿಗೆಲ್ಲ ಹೆಸರಾದ ಕೆರೆಯಿದೆ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಫಾರಂ ಇದೆ. ಆ ಫಾರಂನ ಬೇಲಿಯಾಚೆ ನಿಂತು ಕುದುರೆಮರಿಗೆ ಹೆಸರಿಟ್ಟ ಇಬ್ಬರು ಗೆಳತಿಯರ ಕಥೆ ಬರೆಯಲು ಯಾರಿಗೂ ವಿದೇಶಿ ಸಿಡಿ ಬೇಕಾಗಿಲ್ಲ. ಮಕ್ಕಳ ಚಿತ್ರಕ್ಕೆ ರಾಜ್ಯ ಸರ್ಕಾರದ ಪ್ರಶಸ್ತಿಯಿದೆ, ಸಹಾಯಧನವಿದೆ. ಆದರೆ ಪ್ರಶಸ್ತಿ ಪಡೆದ ‘ಗುಬ್ಬಚ್ಚಿಗಳು’ (2008), ‘ಹೆಜ್ಜೆಗಳು’ (2010) ಚಿತ್ರಗಳನ್ನು ತುಮಕೂರು ಜಿಲ್ಲೆಯ ಎಷ್ಟು ಮಕ್ಕಳು ದೊಡ್ಡ ಪರದೆಯ ಮೇಲೆ ನೋಡಿದ್ದಾರೆಂದು ಯಾವುದಾದರೂ ಶಾಲೆಗೆ ಹೋಗಿ ಕೇಳಬಹುದು. ಸಹಾಯಧನ ಚಿತ್ರ ತಯಾರಾಗುವವರೆಗೆ ಬರುತ್ತದೆ, ಮಗುವಿನ ಕಣ್ಣಿನವರೆಗೆ ಬರುವುದಿಲ್ಲ. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ಗುಬ್ಬಿಯಲ್ಲಿ ಅವರದೇ ಹೆಸರಿನ ರಂಗಮಂದಿರವಿದೆ, ಕುಣಿಗಲ್‌ನಲ್ಲಿ ಶಾಲೆಗಳ ಸಭಾಂಗಣಗಳಿವೆ. ಪ್ರೊಜೆಕ್ಟರ್ ಈಗ ದುಬಾರಿಯ ವಸ್ತುವಲ್ಲ. ಜಿಲ್ಲಾಡಳಿತ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಶಿಕ್ಷಣ ಇಲಾಖೆ ಮೂರೂ ಸೇರಿ ತಿಂಗಳಿಗೊಂದು ಭಾನುವಾರದ ಬೆಳಗ್ಗೆ ಈ ಮೂರು ಊರುಗಳಲ್ಲಿ ಒಂದೊಂದು ಮಕ್ಕಳ ಚಿತ್ರ ಹಾಕಲಿ, ಹಕ್ಕುದಾರರಿಗೆ ಕೊಡಬೇಕಾದ ಹಣ ಕೊಟ್ಟೇ ಹಾಕಲಿ. ‘ಪುಟಾಣಿ ಏಜೆಂಟ್’ ಹಾಕಲಿ, ‘ಗುಬ್ಬಚ್ಚಿಗಳು’ ಹಾಕಲಿ, ಕನ್ನಡಕ್ಕೆ ಡಬ್ ಮಾಡಿಸಿ ಕಿಯಾರೊಸ್ತಮಿಯನ್ನೂ ಹಾಕಲಿ. ಚಿತ್ರ ಮುಗಿದ ಮೇಲೆ ವೇದಿಕೆ ಹತ್ತಿ ಯಾರೂ ಭಾಷಣ ಮಾಡದಿರಲಿ. ಓದುಗರಾದ ತಂದೆತಾಯಿಯರಲ್ಲಿ ಒಂದು ವಿನಂತಿ: ಕರೆದುಕೊಂಡು ಹೋಗುವಾಗ ನಿಮ್ಮ ಮಗುವೊಂದನ್ನೇ ಕರೆದುಕೊಂಡು ಹೋಗಬೇಡಿ, ಪಕ್ಕದ ಮನೆಯ ಅದರ ಜೊತೆಗಾರರನ್ನೂ ಕರೆದುಕೊಂಡು ಹೋಗಿ.